ಹೆಸರಿಲ್ಲದ ಡಬ್ಬಿ ತೋರಿಸಿದ ಮನೆ

"ಮೇಡಂ, ಇದು ಆಟಿಕೆ ಸಾಮಾನು. ಇದರ ಮಾತು ಕಟ್ಕೊಂಡು ತಲೆ ಕೆಡಿಸ್ಕೋಬೇಡಿ."

ಅಂಗಡಿಯವನು ಹಾಗೆಂದು ಗಾಜಿನ ಕೌಂಟರಿನ ಹಿಂದೆ ಒಂದು ಹೆಜ್ಜೆ ಸರಿದು ನಿಂತ. ಟೈಮಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಎಂಟು ತಿಂಗಳ ಹಿಂದೆ ಇದೇ ಕೌಂಟರಿನ ಮೇಲೆ ಈ ಡಬ್ಬಿಯನ್ನಿಟ್ಟು, "ಕಣ್ಣು ಮುಚ್ಕೊಂಡು ತಗೊಳ್ಳಿ ಮೇಡಂ, ದೊಡ್ಡ ಕಂಪನಿ ಮಾಲಿಗೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ" ಎಂದು ಎದೆ ತಟ್ಟಿಕೊಂಡವನು ಇವನೇ.

ಡಬ್ಬಿ ಈಗ ಅವರಿಬ್ಬರ ನಡುವೆ, ಪೊಲೀಸರ ಪ್ಲಾಸ್ಟಿಕ್ ಚೀಲದಲ್ಲಿ ಮಲಗಿತ್ತು. ಅಂಗೈ ಅಗಲದ ಕರಿ ಜಿಪಿಎಸ್ ಡಬ್ಬಿ. ಮುಂದೆ ಗಾಜು, ಹಿಂದೆ ನಾಲ್ಕು ತಿರುಪು. ಕಂಪನಿಯ ಹೆಸರಿಲ್ಲ, ನಂಬರಿಲ್ಲ, ಎಲ್ಲಿ ತಯಾರಾಯಿತೆಂಬ ಚೀಟಿಯೂ ಇಲ್ಲ. ಕಾರಿನ ಗಾಜಿಗೆ ಅಂಟಿಸಿದರೆ ದಾರಿ ತೋರಿಸುತ್ತದೆ, ಅಷ್ಟೆ. ಟೈಮಕ್ಕನ ತಮ್ಮ ಹೊಸದಾಗಿ ಕಾರು ತೆಗೆದಾಗ ಅವಳೇ ಕೊಡಿಸಿದ್ದು.

ಮೊನ್ನೆ ಸಂಜೆ ಆ ಕಾರು ಕೆರೆ ಏರಿಯ ಮೇಲೆ ಸಿಕ್ಕಿತ್ತು. ತಮ್ಮ ಸಿಗಲಿಲ್ಲ. ಸೀಟಿನ ಮೇಲೆ ಅವನ ಇನ್ಸುಲಿನ್ ಚೀಲ ಜಿಪ್ಪು ಕೂಡ ತೆಗೆಯದೆ ಬಿದ್ದಿತ್ತು.

ಒಂಬತ್ತನೇ ವಯಸ್ಸಿನಿಂದ ಅವನು ದಿನಕ್ಕೆರಡು ಸೂಜಿಯ ಮೇಲೆ ಬದುಕಿದವನು. ಅಮ್ಮ ಹೋದ ಮೇಲೆ ಆ ಸೂಜಿ ಹಾಕಿದ್ದು ಅಕ್ಕನೇ. "ಸೂಜಿ ಇಲ್ಲದೆ ಎರಡು ದಿನ, ಮೂರು ದಿನ ಎಳೆಯಬಹುದಮ್ಮ. ನಾಲ್ಕನೇ ದಿನದ ಮಾತು ನನ್ನ ಕೇಳಬೇಡಿ" ಎಂದಿದ್ದರು ಡಾಕ್ಟರು. ಇವತ್ತು ಮೂರನೇ ದಿನ. ಅಂಗಡಿಯ ಗೋಡೆ ಗಡಿಯಾರದಲ್ಲಿ ಮಧ್ಯಾಹ್ನ ಎರಡೂ ಇಪ್ಪತ್ತು. ಆ ಗಡಿಯಾರ ಮೂರು ನಿಮಿಷ ಹಿಂದಿದೆ ಎಂಬುದೂ ಅವಳಿಗೆ ಗೊತ್ತಿತ್ತು.

ಗೊತ್ತಿರಲೇಬೇಕು. ಬಸ್ ಡಿಪೋ ಗೇಟಿನ ಗೂಡಿನಲ್ಲಿ ಕೂತು ಹತ್ತೊಂಬತ್ತು ವರ್ಷ ಬಸ್ಸುಗಳು ಹೋಗುವ ಬರುವ ಹೊತ್ತು ಬರೆದ ಟೈಮ್‌ಕೀಪರ್ ಆಕೆ. ಡ್ರೈವರುಗಳು ಪ್ರೀತಿಯಿಂದಲೋ ಭಯದಿಂದಲೋ ಟೈಮಕ್ಕ ಎಂದು ಕರೆದೂ ಕರೆದೂ ಅವಳ ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಪೊಲೀಸರ ಲೆಕ್ಕ ಸುಲಭದ್ದು. ಡಬ್ಬಿ ತನ್ನ ಕೊನೆಯ ಟ್ರಿಪ್ಪನ್ನು ನೆನಪಿಟ್ಟುಕೊಳ್ಳುತ್ತದೆ. ಈ ಡಬ್ಬಿಯ ಕೊನೆಯ ಟ್ರಿಪ್ಪು ಪೇಟೆಯಿಂದ ಹೊರಟು ನೇರ ಕೆರೆಗೆ ಹೋಗಿ ನಿಂತಿತ್ತು. "ಹುಡುಗನ ಮನಸ್ಸಿಗೆ ಏನೋ ಬೇಜಾರಾಗಿತ್ತು ಅಂತ ಕಾಣುತ್ತಮ್ಮ" ಎಂದು ಇನ್‌ಸ್ಪೆಕ್ಟರ್ ಮೆತ್ತಗೆ ಹೇಳಿ ಮುಳುಗು ಹಾಕುವವರನ್ನು ನೀರಿಗಿಳಿಸಿದ್ದರು. ಎರಡು ದಿನದಿಂದ ಎಲ್ಲರೂ ನೀರನ್ನು ಜಾಲಾಡುತ್ತಿದ್ದರು. ನೆಲದ ಮೇಲೆ ಅವನನ್ನು ಹುಡುಕುವವರು ಒಬ್ಬರೂ ಇರಲಿಲ್ಲ, ಅವಳೊಬ್ಬಳನ್ನು ಬಿಟ್ಟು.

ಇವತ್ತು ಹೆಡ್ ಕಾನ್‌ಸ್ಟೇಬಲ್ ಡಬ್ಬಿಯ ಟ್ರಿಪ್ಪನ್ನು ಕಾಗದಕ್ಕೆ ಇಳಿಸಿಕೊಳ್ಳಲು ಈ ಅಂಗಡಿಗೆ ಹೊರಟಾಗ ಅವಳು ಬಿಡದೆ ಬೆನ್ನು ಹತ್ತಿ ಬಂದಿದ್ದಳು. ಅವನು ಸೀಟ್ ಕವರುಗಳ ಅಟ್ಟಿಯ ಮೇಲೆ ಕುಳಿತು, ಫೈಲಿನ ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ದಪ್ಪ ಆಸಾಮಿ, ಕೆಟ್ಟವನಲ್ಲ.

"ಆಟಿಕೆಯೋ ಪಾಟಿಕೆಯೋ, ಅದರೊಳಗಿರೋ ಟ್ರಿಪ್ಪನ್ನ ಪ್ರಿಂಟ್ ಹಾಕ್ಕೊಡಪ್ಪಾ. ಸಾಹೇಬ್ರ ಫೈಲಿಗೆ ಬೇಕು" ಎಂದ.

"ಸಾರ್, ಬಿಲ್ಲೇ ಇಲ್ಲ. ನಮ್ಮ ಅಂಗಡಿಯದೇ ಅಂತ ಏನು ಗ್ಯಾರಂಟಿ?"

"ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿಗೆ ಕೊಡ್ತೀನಿ, ಎರಡು ತಗೊಂಡ್ರೆ ಅದಕ್ಕಿಂತ ಕಮ್ಮಿಗೆ ಕೊಡ್ತೀನಿ ಅಂದಿದ್ದು ಯಾರು?" ಎಂದಳು ಟೈಮಕ್ಕ. "ಎರಡು ತಗೊಂಡೆ. ಒಂದು ನನ್ನ ತಮ್ಮನಿಗೆ, ಇನ್ನೊಂದು ಹೊರಗೆ ನಿಂತಿದ್ದಾನಲ್ಲ, ಅವನಿಗೆ."

ಅಂಗಡಿಯವನು ಬಾಗಿಲಾಚೆ ನೋಡಿದ. ರಸ್ತೆಯಂಚಿನಲ್ಲಿ ಬಿಳಿ ಕಾರಿಗೆ ಒರಗಿ ನಿಂತಿದ್ದವನು ಸೈಲೆನ್ಸರ್. ತಮ್ಮನ ಜೊತೆಯ ಡ್ರೈವರ್. ಇಬ್ಬರೂ ಒಂದೇ ರಕ್ತ ಪರೀಕ್ಷೆ ಲ್ಯಾಬಿಗೆ ಆಸ್ಪತ್ರೆಗಳಿಂದ ಸ್ಯಾಂಪಲ್ ಪೆಟ್ಟಿಗೆ ಸಾಗಿಸುತ್ತಿದ್ದರು, ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ದಿನಕ್ಕೆ ಹತ್ತು ಮಾತು ಆಡಿದರೆ ಅವತ್ತು ಹಬ್ಬ ಎನ್ನುವಂಥವನು, ಅದಕ್ಕೇ ಆ ಅಡ್ಡಹೆಸರು. ಮೊನ್ನೆಯಿಂದ ಅವಳನ್ನು ಕಾರಿನಲ್ಲಿ ಸುತ್ತಿಸುತ್ತಿದ್ದವನು ಅವನೇ. ಸ್ಟೇಷನ್ನಿನ ಬೆಂಚಿನ ಮೇಲೆ ಅವಳ ಪಕ್ಕ ಕೂತು ಕಾದವನೂ ಅವನೇ. ಹೇಳಿದ ಹೊತ್ತಿಗೆ ಗಡಿಯಾರದಂತೆ ಬರುತ್ತಿದ್ದ. ಇವತ್ತು ಮಾತ್ರ ನಲವತ್ತು ನಿಮಿಷ ತಡ. ಪ್ಯಾಂಟಿನ ಅಂಚಿಗೆಲ್ಲ ಕೆಂಪು ಧೂಳು ಮೆತ್ತಿಕೊಂಡು ಬಂದಿದ್ದ. ಪಾಪ, ಅವನೂ ಎಲ್ಲೆಲ್ಲಿ ಹುಡುಕಿ ಬಂದನೋ ಎಂದುಕೊಂಡಿದ್ದಳು.

ಅಂಗಡಿಯವನು ಗೊಣಗುತ್ತ ಡಬ್ಬಿಯನ್ನು ಚೀಲದಿಂದ ತೆಗೆದು ವೈರು ಸಿಕ್ಕಿಸಿದ. ಗಾಜು ಬೆಳಗಿತು.

"ಸ್ವಾಗತ! ದಯವಿಟ್ಟು ಬೆಲ್ಟ್ ಧರಿಸಿ!" ಎಂದು ಹೆಣ್ಣು ದನಿಯೊಂದು ಕಿವಿ ಹರಿಯುವಂತೆ ಕೂಗಿತು.

ಹೆಡ್ ಕಾನ್‌ಸ್ಟೇಬಲ್ ಬೆಚ್ಚಿ ರಟ್ಟು ಕೆಳಗೆ ಹಾಕಿದ. ಟೈಮಕ್ಕನ ಎದೆಯೊಳಗೂ ಏನೋ ಧಸಕ್ಕೆಂದಿತು, ಏನೆಂದು ತಕ್ಷಣಕ್ಕೆ ಹೊಳೆಯಲಿಲ್ಲ.

ಪ್ರಿಂಟರಿನಿಂದ ಎರಡು ಹಾಳೆ ಬಂದವು. ನಿಮಿಷ, ಜಾಗ, ವೇಗ. ಅವಳು ಕೂದಲಿಗೆ ಸಿಕ್ಕಿಸಿದ್ದ ಪೆನ್ಸಿಲ್ ಕಿತ್ತು ಓದತೊಡಗಿದಳು. ಹಾಳೆ ನೋಡಿ ಈ ಬಸ್ಸು ಓಡಿಸಿದ್ದು ಯಾವ ಡ್ರೈವರ್ ಎಂದು ಹೇಳಬಲ್ಲವಳಾಕೆ. ಒಬ್ಬ ಇಳಿಜಾರಿನಲ್ಲಿ ಹೊತ್ತು ಉಳಿಸುತ್ತಾನೆ, ಒಬ್ಬ ಸ್ಟಾಪಿನಲ್ಲಿ ಕದಿಯುತ್ತಾನೆ. ಪ್ರತಿಯೊಬ್ಬನಿಗೂ ಒಂದು ಕೈಗುಣ ಇರುತ್ತದೆ.

"ಇದು ನನ್ನ ತಮ್ಮ ಓಡಿಸಿದ ಟ್ರಿಪ್ಪಲ್ಲ" ಎಂದಳು.

"ಹೆಂಗಮ್ಮಾ ಹೇಳ್ತೀರಾ?"

"ಒಂದೂವರೆಗೆ ಎಪ್ಪತ್ತೆರಡರ ಸ್ಪೀಡಲ್ಲಿ ಹೋಗ್ತಿದೆ ನೋಡಿ ಕಾರು. ಒಂದೂವರೆಗೆ ಅವನು ಊಟಕ್ಕೆ ನಿಲ್ಲಿಸಲೇಬೇಕು. ನಿಲ್ಲಿಸದಿದ್ರೆ ಶುಗರ್ ಇಳಿದು ಕೈ ನಡುಗುತ್ತೆ. ಎಪ್ಪತ್ತರ ಮೇಲೆ ಅವನು ಯಾವತ್ತೂ ಹೋದವನೇ ಅಲ್ಲ."

ಹೆಡ್ ಕಾನ್‌ಸ್ಟೇಬಲ್ ಬಿದ್ದ ರಟ್ಟನ್ನು ಎತ್ತಿಕೊಂಡ. ಆಮೇಲೆ ಬೇರೆ ಕಡೆ ನೋಡುತ್ತ ಹೇಳಿದ, "ಬೇಜಾರು ಮಾಡ್ಕೋಬೇಡಿ. ಸಾಯೋಕೆ ಹೊರಟವನು ಊಟಕ್ಕೆ ನಿಲ್ಲಿಸ್ತಾನೇನಮ್ಮಾ?"

ಮೂರು ದಿನದಿಂದ ಇದೇ ಆಗಿತ್ತು. ಅವಳು ಒಂದು ಎಳೆ ಹಿಡಿದು ಎಳೆದರೆ ಯಾರೋ ಒಬ್ಬರು ಕರುಣೆಯಿಂದಲೇ ಅದನ್ನು ಕತ್ತರಿಸುತ್ತಿದ್ದರು. ಹೋದ ವಾರ ಅವನು ಫೋನು ಮಾಡಿ, "ಅಕ್ಕಾ, ಒಂದು ಮಾತು ಹೇಳಬೇಕು, ಫೋನಲ್ಲಿ ಬೇಡ" ಎಂದಿದ್ದ. "ಭಾನುವಾರ ಬಾ" ಎಂದಿದ್ದಳು, ಡ್ಯೂಟಿ ಇತ್ತು. ಆ ಭಾನುವಾರ ಬರುವ ಮೊದಲೇ ಅವನು ಕಾಣೆಯಾಗಿದ್ದ. ಫೋನು ಬಂದ ಹೊತ್ತಿಗೇ ಡಿಪೋ ಬಿಟ್ಟು ಓಡಿದ್ದರೆ? ಅವಳಿಗೆ ತನ್ನ ಮೇಲೇ ಅಸಹ್ಯ ಬಂತು.

"ಹೋಗಲಿ ಬಿಡಿ ಮೇಡಂ" ಎಂದ ಅಂಗಡಿಯವನು, ಡಬ್ಬಿಯ ವೈರು ಕೀಳುತ್ತ. "ಅಗ್ಗದ ಮಾಲು. ಒಂದೊಂದ್ಸಲ ಹುಚ್ಚು ಹುಚ್ಚಾಗಿ ತೋರಿಸುತ್ತೆ, ಕೂಗುತ್ತೆ..."

ಕೂಗುತ್ತೆ.

ಟೈಮಕ್ಕ ತಟ್ಟನೆ ತಲೆ ಎತ್ತಿದಳು. ಈ ಡಬ್ಬಿ ಕೂಗಬಾರದಿತ್ತು. ಕೊಂಡ ಮೊದಲ ದಿನವೇ ತಮ್ಮ ಅದರ ಬಾಯಿ ಮುಚ್ಚಿಸಿದ್ದ. "ತಿರುವು ದಾಟಿ ಅರ್ಧ ಫರ್ಲಾಂಗ್ ಹೋದ್ಮೇಲೆ ತಿರುಗು ಅಂತಾಳಕ್ಕಾ ಇವಳು, ಇವಳ ಮಾತು ಕೇಳಿದ್ರೆ ಗೋಡೆಗೇ ಗುದ್ದಬೇಕು" ಎಂದು ನಕ್ಕು, ಸೌಂಡು ಪೂರ್ತಿ ಇಳಿಸಿ, ಎಂಟು ತಿಂಗಳು ಮತ್ತೆ ಏರಿಸಿರಲಿಲ್ಲ.

ಅವಳು ಕೌಂಟರ್ ಸುತ್ತಿ ಒಳಗೇ ಹೋದಳು. ಅಂಗಡಿಯವನು ಹಾರ್ನುಗಳ ರ‍್ಯಾಕಿಗೆ ಬೆನ್ನು ಹಚ್ಚಿದ.

"ನೋಡಿ" ಎಂದಳು. "ಮಾರೋವಾಗ ಹೇಳಿದ ಸುಳ್ಳೂ ಬೇಡ, ಈಗ ಹೇಳ್ತಿರೋ ಸುಳ್ಳೂ ಬೇಡ. ಈ ಡಬ್ಬಿಗೆ ಏನು ಬರುತ್ತೆ, ಏನು ಬರಲ್ಲ, ಅಷ್ಟು ಹೇಳಿ. ನನ್ನ ತಮ್ಮನಿಗೆ ಇವತ್ತೊಂದೇ ದಿನ ಉಳಿದಿರೋದು."

ಅಂಗಡಿಯವನು ಹೆಡ್ ಕಾನ್‌ಸ್ಟೇಬಲ್ ಮುಖ ನೋಡಿದ.

"ಹೇಳಪ್ಪಾ. ಬಿಲ್ಲಿನ ಮಾತು ನನ್ನ ಕಿವಿಗೆ ಬಿದ್ದಿಲ್ಲ."

ಅಂಗಡಿಯವನು ದನಿ ತಗ್ಗಿಸಿದ. "ನಕ್ಷೆ ಹಳೇದು ಮೇಡಂ. ಒಂದು ಕಾರ್ಡಲ್ಲಿರೋದನ್ನ ಎಲ್ಲಾ ಕಾರ್ಡಿಗೂ ಕಾಪಿ ಹಾಕಿ ಮಾರ್ತೀನಿ. ಹೊಸ ಬಡಾವಣೆ, ಹೊಸ ಸೇತುವೆ ಇದಕ್ಕೆ ಗೊತ್ತಿಲ್ಲ. ಸ್ಯಾಟಲೈಟ್ ಹಿಡಿಯೋಕೆ ಕಾಲು ಗಂಟೆ ತಗೊಳ್ಳುತ್ತೆ, ಸೂರಿನಡಿ ಹಿಡಿಯೋದೇ ಇಲ್ಲ. ಬ್ಯಾಟರಿ ಒಂದು ವರ್ಷಕ್ಕೆ ಉಬ್ಬುತ್ತೆ."

"ಬರೋದು ಹೇಳಿ."

"ಒಂದ್ಸಲ ಹಿಡೀತು ಅಂದ್ರೆ ಎಲ್ಲಿದೆ ಅನ್ನೋದನ್ನ ಸುಳ್ಳು ಹೇಳಲ್ಲ ಮೇಡಂ. ದೇವರಾಣೆ. ಟ್ರಿಪ್ಪು ನಿಜವಾದದ್ದೇ. ಈ ಡಬ್ಬಿ ಕೆರೆಗೆ ಹೋಗಿದ್ದು ನಿಜ."

"ಸೌಂಡು ಇಳಿಸಿದ್ರೆ ತಾನಾಗೇ ಏರುತ್ತಾ?"

"ಏರಲ್ಲ. ಯಾರಾದ್ರೂ ಏರಿಸಬೇಕು. ಇಲ್ಲಾಂದ್ರೆ..." ಅವನು ನಿಲ್ಲಿಸಿದ.

"ಇಲ್ಲಾಂದ್ರೆ?"

"ಕಾರ್ಡ್ ಬದಲಾಗಿರಬೇಕು." ಅವನು ಡಬ್ಬಿಯ ಪಕ್ಕದಿಂದ ಉಗುರಿನಷ್ಟಿದ್ದ ಕಾರ್ಡನ್ನು ಒತ್ತಿ ಹೊರತೆಗೆದ. "ಒಳ್ಳೇ ಕಂಪನಿ ಮಾಲಲ್ಲಿ ಸೌಂಡು, ಮನೆ ಅಡ್ರೆಸ್ಸು, ಹುಡುಕಿದ ಜಾಗಗಳ ಪಟ್ಟಿ ಎಲ್ಲಾ ಮೆಷಿನ್ ಒಳಗೇ ಇರುತ್ತೆ. ಕಾರ್ಡಲ್ಲಿ ನಕ್ಷೆ ಮಾತ್ರ. ಇದರಲ್ಲಿ ಮೆಷಿನ್ ಒಳಗೆ ಏನೂ ಇಲ್ಲ, ಖಾಲಿ. ಇಡೀ ಸಂಸಾರ ಕಾರ್ಡಲ್ಲೇ. ಆ ಪಟ್ಟಿ ಅಳಿಸೋಕೂ ಆಗಲ್ಲ, ಅಳಿಸೋಕೆ ಹೋದ್ರೆ ನಕ್ಷೆನೂ ಹೋಗುತ್ತೆ. ಇದು ಯಾರಿಗೂ ಗೊತ್ತಿರಲ್ಲ. ನಾನೂ ಹೇಳಕ್ಕೆ ಹೋಗಲ್ಲ."

ಮನೆ ಅಡ್ರೆಸ್ಸು.

ಟೈಮಕ್ಕನ ಕಣ್ಣು ತುಂಬಿ ಬಂತು. ಡಬ್ಬಿ ಕೊಂಡ ದಿನ ಅಕ್ಕ ತಮ್ಮ ಇಬ್ಬರೂ ಕಾರಿನಲ್ಲಿ ಕೂತು ಅವನ ಓಣಿಯನ್ನು ಆ ನಕ್ಷೆಯಲ್ಲಿ ಹುಡುಕಿ ಹುಡುಕಿ ಸೋತಿದ್ದರು. ಹತ್ತಿರದಲ್ಲಿ ಅದಕ್ಕೆ ಗೊತ್ತಿದ್ದ ಜಾಗ ಒಂದೇ, ಬಸ್ ಡಿಪೋ ಗೇಟು. "ಹೋಗಲಿ ಬಿಡಕ್ಕಾ, ನಿನ್ನ ಗೂಡೇ ನನ್ನ ಮನೆ ಅಂತ ಹಾಕು" ಎಂದಿದ್ದ. ತನ್ನ ಬೆರಳಿನಿಂದಲೇ ಒತ್ತಿ ಹಾಕಿದ್ದಳು.

"ಕಾರ್ಡ್ ವಾಪಸ್ ಹಾಕಿ. ಮನೆ ಅಂತ ಇದೆಯಲ್ಲ, ಅದನ್ನ ಒತ್ತಿ."

"ಏ, ಅದನ್ನ ಹಾಗೆಲ್ಲ ಒತ್ತಬಾರದು" ಎಂದು ಹೆಡ್ ಕಾನ್‌ಸ್ಟೇಬಲ್ ಎದ್ದೇ ಬಿಟ್ಟ. "ಕೇಸಿನ ಸಾಮಾನದು. ಪ್ರಿಂಟಿಗೆ ಮಾತ್ರ ಪರ್ಮಿಷನ್ನು."

"ಹಾಗಾದ್ರೆ ಕಾಪಿ ಹಾಕಿ." ಅವಳು ಅಂಗಡಿಯವನತ್ತ ತಿರುಗಿದಳು. "ನಿಮಗದು ದಿನಾ ಮಾಡೋ ಕೆಲಸ ತಾನೇ? ಇನ್ನೊಂದು ಡಬ್ಬಿ ತೆಗೀರಿ, ಈ ಕಾರ್ಡನ್ನ ಹಾಗೇ ಇಳಿಸಿ ಅದಕ್ಕೆ ಹಾಕಿ. ಅದರಲ್ಲಿ ಒತ್ತಿ ನೋಡೋಣ."

ಹೆಡ್ ಕಾನ್‌ಸ್ಟೇಬಲ್ ಬಾಗಿಲಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಅದೇ ಅವನ ಒಪ್ಪಿಗೆ.

ಕಂಪ್ಯೂಟರಿನಲ್ಲಿ ಹಸಿರು ಗೆರೆ ಇರುವೆಯಂತೆ ತೆವಳತೊಡಗಿತು. ಹತ್ತು ನಿಮಿಷವಾಗುತ್ತದೆ ಎಂದ ಅಂಗಡಿಯವನು. ಅವಳು ಅದರ ಮುಂದೆ ನಿಂತೇ ಇದ್ದಳು. ಮೂರು ದಿನದಲ್ಲಿ ಮೊದಲ ಸಲ ಅವಳಿಗೆ ಹಸಿವಾಯಿತು. ಕಾರ್ಡ್ ಬೇರೆಯವನದಾದರೆ ಕೆರೆಗೆ ಕಾರು ತಂದವನು ಬೇರೆಯವನು. ಹಾಗಾದರೆ ತಮ್ಮ ನೀರಲ್ಲಿಲ್ಲ. ಎಲ್ಲೋ ನೆಲದ ಮೇಲಿದ್ದಾನೆ, ಸೂಜಿಯಿಲ್ಲದೆ ನಾಲಿಗೆ ಒಣಗಿ, ಅಕ್ಕ ಬರುತ್ತಾಳೆ ಎಂದು ಬಾಗಿಲು ನೋಡುತ್ತಿದ್ದಾನೆ.

ಗೆರೆ ಕೊನೆ ಮುಟ್ಟುವ ಹೊತ್ತಿಗೆ ಹೆಡ್ ಕಾನ್‌ಸ್ಟೇಬಲ್ ಫೋನು ಹೊಡೆದುಕೊಂಡಿತು. ಅವನು "ಸಾರ್", "ಸಾರ್" ಎಂದು ನಾಲ್ಕು ಸಲ ಎಂದ. ಐದನೇ ಸಲ ದನಿ ಇಳಿಯಿತು. ಒಳಗೆ ಬಂದವನು ಅವಳ ಕಣ್ಣು ತಪ್ಪಿಸಿದ.

"ಏನು ಸಿಕ್ತು?" ಎಂದಳು.

"ಚಪ್ಪಲಿಯಮ್ಮಾ. ಕೆರೆ ಅಂಚಿನ ಜೊಂಡಲ್ಲಿ. ಎಡಗಾಲಿಂದು." ಅವನು ತಡೆದ. "ಪಟ್ಟಿ ಕಿತ್ತಿದ್ದನ್ನ ನೀಲಿ ದಾರದಲ್ಲಿ ಹೊಲಿದಿದೆಯಂತೆ."

ಅವಳು ಕೌಂಟರ್ ಹಿಡಿದುಕೊಂಡಳು. ನೀಲಿ ದಾರ ಡಿಪೋದ್ದು, ಟ್ರಿಪ್ ಶೀಟುಗಳ ಕಟ್ಟು ಕಟ್ಟುವ ದಾರ. ಹೋದ ತಿಂಗಳು ಅವಳೇ ಹೊಲಿದುಕೊಟ್ಟಿದ್ದಳು. "ಹೊಸದು ತಗೊಳ್ಳೋ" ಎಂದರೆ, "ಇನ್ನೂ ಗಟ್ಟಿ ಇದೆಯಲ್ಲಕ್ಕಾ" ಎಂದಿದ್ದ ಆ ಜಿಪುಣ.

"ನೀವು ಬಂದು ಗುರುತು ಹಿಡೀಬೇಕು" ಎಂದ ಹೆಡ್ ಕಾನ್‌ಸ್ಟೇಬಲ್, ಹಳೇ ಕಾರ್ಡು ಹಳೇ ಡಬ್ಬಿ ಎರಡನ್ನೂ ಚೀಲಕ್ಕೆ ಹಾಕಿಕೊಳ್ಳುತ್ತ.

"ನೀವು ಮುಂದೆ ಹೋಗಿ." ಅವಳು ಅಂಗಡಿಯವನಿಂದ ಕಾಪಿ ಕಾರ್ಡು ಇಸಿದುಕೊಂಡು ಹೊಸ ಡಬ್ಬಿಗೆ ಸಿಕ್ಕಿಸಿದಳು. "ನಾನು ಸೈಲೆನ್ಸರ್ ಕಾರಲ್ಲಿ ಬರ್ತೀನಿ."

ಕಾರು ತಂದು ನಿಲ್ಲಿಸಿದವನಿಗೆ ಚಪ್ಪಲಿ ತಂದು ಎಸೆಯುವುದು ಯಾವ ದೊಡ್ಡ ಕೆಲಸ? ಹಾಗೇ ಇರಬೇಕು. ಆ ಒಂದು ಮಾತನ್ನು ಹಲ್ಲು ಕಚ್ಚಿ ಹಿಡಿದುಕೊಂಡು, ಹೊಸ ಡಬ್ಬಿ ಎತ್ತಿಕೊಂಡು ಅವಳು ಹೊರಗೆ ನಡೆದಳು. ಅಂಗಡಿಯವನು ಬೆಲೆ ಕೇಳಲಿಲ್ಲ.

ಸೈಲೆನ್ಸರ್ ಬಾಗಿಲು ತೆಗೆದುಕೊಟ್ಟ.

"ಕೆರೆಗೆ ನಡಿಯಪ್ಪ" ಎಂದಳು. "ಅವನ ಚಪ್ಪಲಿ ಸಿಕ್ತಂತೆ."

ಅವನು ಕೀಲಿ ತಿರುಗಿಸಲು ಹೋದವನು ನಿಂತ. ಮುಖ ಸುಣ್ಣದಂತಾಯಿತು. "ಚಪ್ಪಲಿಯಾ?"

"ಹ್ಞೂಂ. ಎಡಗಾಲಿಂದು. ನಡಿ."

ಕಾರು ಹೊರಟಿತು. ಅವಳು ಹೊಸ ಡಬ್ಬಿಯ ರಬ್ಬರ್ ಬಟ್ಟಲಿಗೆ ಎಂಜಲು ಸವರಿ ಮುಂಗಾಜಿಗೆ ಒತ್ತಿದಳು. ಅದರ ಪಕ್ಕದಲ್ಲೇ ಸೈಲೆನ್ಸರನ ಸ್ವಂತ ಡಬ್ಬಿ ಅಂಟಿಕೊಂಡಿತ್ತು. ಅದೇ ಅಚ್ಚು, ಅದೇ ಕರಿ ಬಣ್ಣ. ಯಾರದು ಯಾವುದು ಎಂದು ಹೆತ್ತವರೂ ಹೇಳಲಾರದ ಅವಳಿ.

"ಎರಡೆರಡು ಯಾಕಕ್ಕಾ?"

ಅವಳು ಎಲ್ಲವನ್ನೂ ಹೇಳಿದಳು. ಮುಚ್ಚಿಡಬೇಕೆಂದು ಅನ್ನಿಸಲೇ ಇಲ್ಲ. ಈ ಮೂರು ದಿನದಲ್ಲಿ ಅವಳ ಜೊತೆ ನಿಂತ ಒಂದೇ ಜೀವ ಇವನು. ಸೌಂಡು, ಕಾರ್ಡು, ಮನೆ ಎಲ್ಲ ಹೇಳಿ, "ಸ್ಯಾಟಲೈಟ್ ಹಿಡಿದ ತಕ್ಷಣ ಮನೆ ಅಂತ ಒತ್ತುತೀನಿ. ಆ ಪಾಪಿಯ ಮನೆ ಬಾಗಿಲಿಗೇ ಕರ್ಕೊಂಡು ಹೋಗುತ್ತೆ" ಎಂದಳು.

ಸೈಲೆನ್ಸರ್ ಮಾತಾಡಲಿಲ್ಲ. ಅದೇನೂ ಹೊಸದಲ್ಲ. ಎರಡು ಸಿಗ್ನಲ್ ದಾಟಿದ ಮೇಲೆ, "ಅಗ್ಗದ್ದಕ್ಕಾ. ನಂಬಕ್ಕಾಗಲ್ಲ" ಎಂದ.

ಹೆದ್ದಾರಿಗೆ ಬಂದಾಗ ಆಕಾಶ ತೆರೆದುಕೊಂಡಿತು. ಡಬ್ಬಿಯ ಮೂಲೆಯ ಕೆಂಪು ಚುಕ್ಕೆ ಹಸಿರಾಯಿತು. ಅಂಗಡಿಯವನು ಕಾಲು ಗಂಟೆ ಎಂದಿದ್ದ, ಹದಿನಾಲ್ಕು ನಿಮಿಷಕ್ಕೆ ಹಿಡಿದಿತ್ತು. ಅವಳು ಮನೆ ಎಂಬ ಗುರುತನ್ನು ಒತ್ತಿದಳು.

"ಹಿಂದಕ್ಕೆ ತಿರುಗಿ!" ಎಂದು ಹೆಣ್ಣು ದನಿ ಕೂಗಿತು. "ಸಾಧ್ಯವಾದಲ್ಲಿ ಹಿಂದಕ್ಕೆ ತಿರುಗಿ!"

"ತಿರುಗಿಸು" ಎಂದಳು.

"ಕೆರೆಗೆ ತಡ ಆಗುತ್ತಕ್ಕಾ."

"ಕೆರೆ ಎಲ್ಲೂ ಓಡಿಹೋಗಲ್ಲ. ತಿರುಗಿಸು ಅಂದೆ."

ಅವನು ತಿರುಗಿಸಲಿಲ್ಲ. ಕಾರಿನ ವೇಗ ಹೆಚ್ಚಿತು. ಡಬ್ಬಿಯ ಮೇಲೆ ಮನೆಗಿರುವ ದೂರ ಐದು ಕಿಲೋಮೀಟರಿದ್ದದ್ದು ಐದೂವರೆ, ಐದೂಮುಕ್ಕಾಲು ಎಂದು ಬೆಳೆಯುತ್ತಾ ಹೋಯಿತು. ಅವಳು ನಕ್ಷೆಗೆ ಮುಖ ತಂದು ನೋಡಿದಳು. ಪುಟ್ಟದೊಂದು ಮನೆಯ ಚಿತ್ರ. ಪಕ್ಕದಲ್ಲಿ ರೈಲು ಹಳಿಯ ತಿರುವು. ಆ ಸುತ್ತಿನಲ್ಲಿ ಹಳೇ ನಕ್ಷೆಗೆ ಹೆಸರು ಗೊತ್ತಿದ್ದದ್ದು ಒಂದೇ ಕಟ್ಟಡಕ್ಕೆ, ಐಸ್ ಫ್ಯಾಕ್ಟರಿ.

ಐಸ್ ಫ್ಯಾಕ್ಟರಿಯ ಎದುರಿನ ಮನೆಯ ತಾರಸಿಯಲ್ಲಿ ಅವಳು ಒಮ್ಮೆ ಊಟಕ್ಕೆ ಕೂತಿದ್ದಳು. ಎರಡು ತಿಂಗಳೂ ಆಗಿರಲಿಲ್ಲ. ಆ ಮೋಟಾರಿನ ಗದ್ದಲಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳದೆ ತಮ್ಮ, "ಇದಕ್ಕೇ ಅಕ್ಕಾ ಇವನು ಮಾತಾಡೋದನ್ನೇ ಬಿಟ್ಟಿದ್ದು" ಎಂದು ಕೂಗಿ ಹೇಳಿ ನಕ್ಕಿದ್ದ. ಬಡಿಸಿದವಳು ಸೈಲೆನ್ಸರನ ಹೆಂಡತಿ.

ಕಾರಿನ ಬಾಗಿಲು ತೆಗೆದು ಹಾರಬೇಕೆನ್ನಿಸಿತು. ಅವನ ಕುತ್ತಿಗೆಗೆ ಕೈ ಹಾಕಬೇಕೆನ್ನಿಸಿತು. ಎರಡನ್ನೂ ಮಾಡಲಿಲ್ಲ. ಹತ್ತೊಂಬತ್ತು ವರ್ಷ ಹೊತ್ತು ಬರೆದ ತಲೆ ತನ್ನಷ್ಟಕ್ಕೆ ಮುಂದಿನ ಸಾಲು ಬರೆಯುತ್ತಿತ್ತು. ಇವನ ಕಾರ್ಡು ತಮ್ಮನ ಡಬ್ಬಿಯಲ್ಲಿದ್ದರೆ ತಮ್ಮನ ಕಾರ್ಡು ಎಲ್ಲಿ?

ಮೂರು ದಿನದಿಂದ ಈ ಕಾರಿನಲ್ಲಿ ಓಡಾಡಿದ್ದಳು. ಸೈಲೆನ್ಸರನ ಡಬ್ಬಿ ಒಮ್ಮೆಯೂ ಬಾಯಿ ತೆರೆದಿರಲಿಲ್ಲ. ಒಡೆಯನಂತೆ ಡಬ್ಬಿ ಎಂದುಕೊಂಡಿದ್ದಳು.

ಅವಳು ಕೈ ಚಾಚಿ ಅವನ ಡಬ್ಬಿಯ ಮೇಲೆ ಮನೆ ಒತ್ತಿದಳು. ಅದು ಸದ್ದಿಲ್ಲದೆ ಬೆಳಗಿ, ಸದ್ದಿಲ್ಲದೆ ಒಂದು ಸಾಲು ತೋರಿಸಿತು. ಬಸ್ ಡಿಪೋ ಗೇಟ್.

ಅವನು ನೋಡಿದ. ಅವಳು ನೋಡಿದ್ದನ್ನೂ ನೋಡಿದ. ಆದರೂ ಅವಳ ಬೆರಳು ನಿಲ್ಲಲಿಲ್ಲ, ಹುಡುಕಿದ ಜಾಗಗಳ ಪಟ್ಟಿ ತೆಗೆಯಿತು. ಲ್ಯಾಬು, ಆಸ್ಪತ್ರೆ, ಲ್ಯಾಬು. ಎಲ್ಲಕ್ಕಿಂತ ಮೇಲೆ, ಕೊನೆಯದಾಗಿ ಹುಡುಕಿದ್ದು, ಹಳೇ ಇಟ್ಟಿಗೆ ಗೂಡು.

ಅವನ ಪ್ಯಾಂಟಿನ ಅಂಚಿನ ಕೆಂಪು ಧೂಳಿನ ಕಡೆ ಅವಳ ಕಣ್ಣು ಹೋಯಿತು.

"ಅಲ್ಲಿಟ್ಟಿದ್ದೀಯ ಅವನನ್ನ" ಎಂದಳು. ಕೂಗಬೇಕೆಂದಿದ್ದಳು, ಪಿಸುಮಾತಾಗಿ ಬಂತು. "ಸೂಜಿ ಇಲ್ಲದೆ. ಮೂರು ದಿನ. ನನ್ನ ಪಕ್ಕ ಕೂತ್ಕೊಂಡು ನಾನು ಅಳೋದನ್ನ ನೋಡ್ತಾ..."

ಸೈಲೆನ್ಸರ್ ಕಾರನ್ನು ರಸ್ತೆಯಂಚಿಗೆ ಎಳೆದು ನಿಲ್ಲಿಸಿದ. ಸ್ಟೇರಿಂಗ್ ಮೇಲೆ ಹಣೆಯಿಟ್ಟ. ಅವನ ಭುಜ ಅಲುಗುತ್ತಿತ್ತು. ಲಾರಿಯೊಂದು ಹಾರ್ನು ಹೊಡೆದುಕೊಂಡು ಪಕ್ಕದಲ್ಲೇ ಹಾದುಹೋಯಿತು.

"ಸೂಜಿ ನಾನು ಹಾಕ್ತಿದ್ದೆ ಅಕ್ಕಾ" ಎಂದ. "ಬೆಳಿಗ್ಗೆ ಒಂದು, ಸಂಜೆ ಒಂದು. ಬೇರೆ ಔಷಧ ತಂದು. ಬಚ್ಚಿಡು ಅಂದವನೇ ಅವನು. ಲ್ಯಾಬಲ್ಲಿ ಏನೋ ಗೊತ್ತಾಯ್ತು, ಲ್ಯಾಬಿನವರು ಬಿಡಲ್ಲ, ನಾನು ಸತ್ತೆ ಅಂತ ಅವರಿಗೆ ಅನ್ನಿಸಬೇಕು ಅಂದ. ಅಕ್ಕನಿಗೂ ಹೇಳಬೇಡ, ಅಕ್ಕನಿಗೆ ಸುಳ್ಳು ಅಳೋಕೆ ಬರಲ್ಲ ಅಂತ ಆಣೆ ಹಾಕಿಸ್ಕೊಂಡ. ಅವನು ಇಟ್ಟಿಗೆ ಗೂಡು ಹುಡುಕಿದ್ದು ಪಟ್ಟಿಯಲ್ಲಿ ಉಳಿದಿತ್ತು, ಅಳಿಸೋಕೆ ಆಗಲಿಲ್ಲ, ಅದಕ್ಕೇ ಕಾರ್ಡನ್ನೇ ಬದಲಾಯಿಸಿದೆ."

ಅವಳಿಗೆ ನಂಬಬೇಕೋ ಬಾರದೋ ತಿಳಿಯಲಿಲ್ಲ. ಆದರೆ ಇವನು ಇಷ್ಟೊಂದು ಮಾತಾಡಿದ್ದನ್ನು ಅವಳು ಇದುವರೆಗೆ ಕೇಳಿರಲಿಲ್ಲ. ಜೀವ ಹಿಡಿದುಕೊಂಡು ಕೇಳಿದಳು, "ಹಾಗಾದ್ರೆ ಇದ್ದಾನೆ. ಚೆನ್ನಾಗಿದ್ದಾನೆ. ತಿರುಗಿಸು ಕಾರು, ಇಟ್ಟಿಗೆ ಗೂಡಿಗೆ ನಡಿ. ನಡಿಯೋ!"

"ಅಲ್ಲಿ ಇಲ್ಲ ಅಕ್ಕಾ." ಅವನು ತಲೆ ಎತ್ತಿದ. "ಬೆಳಿಗ್ಗೆ ಸೂಜಿ ತಗೊಂಡು ಹೋದೆ. ಅಲ್ಲಿನ ಕೋಣೆ ಬಾಗಿಲು ಮುರಿದಿತ್ತು. ಗೂಡೆಲ್ಲಾ ಹುಡುಕಿದೆ, ಅದಕ್ಕೇ ತಡ ಆಯ್ತು. ನಿಮಗೆ ಹೇಗೆ ಹೇಳಲಿ ಅಂತ..."

"ಹಿಂದಕ್ಕೆ ತಿರುಗಿ!" ಎಂದಿತು ಹೊಸ ಡಬ್ಬಿ.

ಅವಳು ಅದರ ಬಾಯಿಗೆ ಕೈ ಅಡ್ಡ ಹಿಡಿದಳು. "ಮತ್ತೆ ಕೆರೆ? ಆ ಚಪ್ಪಲಿ? ಅದನ್ನೂ ನೀನೇ ತಾನೇ ಎಸೆದಿದ್ದು? ಸತ್ತ ಅಂತ ಅನ್ನಿಸ್ಲಿ ಅಂತ? ಹ್ಞೂಂ ಅನ್ನು. ಹ್ಞೂಂ ಅನ್ನೋ ಒಂದ್ಸಲ!"

ಸೈಲೆನ್ಸರ್ ಇಲ್ಲವೆಂದು ತಲೆಯಾಡಿಸಿದ.

"ಕೆರೆ ಹತ್ರ ನಾನು ಬಿಟ್ಟುಬಂದಿದ್ದು ಕಾರು, ಆ ಔಷಧದ ಚೀಲ, ಅಷ್ಟೇ ಅಕ್ಕಾ" ಎಂದ. "ನಿನ್ನೆ ಸಂಜೆ ನಾನು ಸೂಜಿ ಹಾಕಿ ಬರೋವಾಗ ಚಪ್ಪಲಿ ಅವನ ಕಾಲಲ್ಲೇ ಇತ್ತು."